ಹಳೆ ವಿದ್ಯಾರ್ಥಿ ಸಂಘದಿಂದ ಕೆಲಸದ ದಾರಿ: ಕೇಳುವವರಿಗೂ ನಡೆಸುವವರಿಗೂ

ಓದುಗರಿಂದ ಎರಡು ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಒಂದು: "ಕಾಲೇಜಿನ ಹಳೆ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಕೆಲಸ ಬೇಕು ಅಂತ ಹಾಕಿದೆ, ಒಬ್ಬರೂ ಉತ್ತರಿಸಲಿಲ್ಲ. ಏನು ಮಾಡಲಿ?" ಇನ್ನೊಂದು: "ಸಂಘ ಕಟ್ಟಿ ಕೆಲವು ವರ್ಷವಾಯಿತು. ವರ್ಷಕ್ಕೊಮ್ಮೆ ಸೇರಿ ಊಟ ಮಾಡಿ ಫೋಟೊ ತೆಗೆಸಿಕೊಳ್ಳುವುದು ಬಿಟ್ಟರೆ ಏನೂ ನಡೆಯುತ್ತಿಲ್ಲ. ಹುಡುಗರಿಗೆ ಉಪಯೋಗ ಆಗುವಂಥದ್ದು ಏನು ಮಾಡಬಹುದು?"

ಎರಡಕ್ಕೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಮೊದಲ ಐದು ಹಂತ ಕೆಲಸ ಹುಡುಕುವವರಿಗೆ. ಆಮೇಲಿನವು ಸಂಘ ನಡೆಸುವವರಿಗೆ. ಐಐಟಿಗಳಲ್ಲಿ, ಬೆಂಗಳೂರಿನ ಐಐಎಸ್‌ಸಿಯಲ್ಲಿ ಹಳೆ ವಿದ್ಯಾರ್ಥಿಗಳ ಸಂಪರ್ಕಕ್ಕೆಂದೇ ಕಚೇರಿ, ಸಿಬ್ಬಂದಿ ಇರುತ್ತಾರೆ. 1917ರಲ್ಲಿ ಶುರುವಾದ ಬೆಂಗಳೂರಿನ ಯುವಿಸಿಇಯಂಥ ಎಂಜಿನಿಯರಿಂಗ್ ಕಾಲೇಜಿಗೆ ನೂರು ವರ್ಷದ ಬ್ಯಾಚುಗಳ ಬಲವಿದೆ. ನಾನು ಬರೆಯುತ್ತಿರುವುದು ಅವೆಲ್ಲ ಇಲ್ಲದವರಿಗೆ: ತಾಲ್ಲೂಕಿನ ಸರ್ಕಾರಿ ಪದವಿ ಕಾಲೇಜು, ಜಿಲ್ಲಾ ಕೇಂದ್ರದ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್, ನವೋದಯ ಶಾಲೆಗಳಲ್ಲಿ ಓದಿದವರಿಗೆ.

ಮೊದಲೇ ಒಂದು ಮಾತು. ಸಂಘ ಕೆಲಸ ಕೊಡುವುದಿಲ್ಲ. ಅದು ಕೊಡಬಹುದಾದದ್ದು ಮೂರು: ಎಲ್ಲಿ ಜಾಗ ಖಾಲಿ ಇದೆ ಎನ್ನುವ ಸುದ್ದಿ, ಒಂದು ರೆಫರಲ್, ಆ ಕ್ಷೇತ್ರದಲ್ಲಿ ಪಳಗಿದವರ ಒಂದಿಷ್ಟು ಸಮಯ. ರೆಫರಲ್ ಅಂದರೆ ಕಂಪನಿಯೊಳಗಿನ ಉದ್ಯೋಗಿ ತನ್ನ ಕಂಪನಿಯ ಪೋರ್ಟಲ್‌ನಲ್ಲಿ ನಿಮ್ಮ ಹೆಸರು, ರೆಸ್ಯೂಮೆ ಸೇರಿಸಿ "ಇವರನ್ನೊಮ್ಮೆ ನೋಡಿ" ಎಂದು ಸೂಚಿಸುವುದು. ನಿಮ್ಮ ಅರ್ಜಿ ಯಾರದಾದರೂ ಕಣ್ಣಿಗೆ ಬೀಳುವ ಸಾಧ್ಯತೆ ಅದರಿಂದ ಹೆಚ್ಚುತ್ತದೆ, ಅಷ್ಟೆ. ಪರೀಕ್ಷೆ, ಸಂದರ್ಶನ ನೀವೇ ದಾಟಬೇಕು.

ಹಾಗಾದರೆ ಇಷ್ಟೆಲ್ಲ ಯಾಕೆ, ಸ್ನೇಹಿತರೇ ಸಾಲದೇ? ಸಾಲುವುದಿಲ್ಲ. ಆಪ್ತರಿಗಿಂತ ಅಷ್ಟಾಗಿ ಒಡನಾಟವಿಲ್ಲದ ಪರಿಚಯಸ್ಥರಿಂದಲೇ ಕೆಲಸದ ಸುದ್ದಿ ಜಾಸ್ತಿ ಸಿಗುತ್ತದೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದ್ದರು. ಕಾರಣ ಸರಳ. ನಿಮ್ಮ ರೂಮ್‌ಮೇಟ್‌ಗೆ ಗೊತ್ತಿರುವುದು ಹೆಚ್ಚುಕಡಿಮೆ ನಿಮಗೂ ಗೊತ್ತಿರುತ್ತದೆ. ನಾಲ್ಕು ವರ್ಷ ಹಿಂದಿನ ಬ್ಯಾಚಿನವರು ಓಡಾಡುವ ಜಾಗವೇ ಬೇರೆ. ಆದರೂ ಒಂದೇ ಕ್ಯಾಂಟೀನಿನಲ್ಲಿ ಟೀ ಕುಡಿದವರು ಅನ್ನುವ ಸಲುಗೆ ಇರುತ್ತದೆ. ಅದನ್ನೇ ನೀವು ಬಳಸಿಕೊಳ್ಳಬೇಕಾಗಿರುವುದು.

ಕೆಲಸ ಹುಡುಕುವವರಿಗೆ

ಹಂತ 1: ಏನು ಬೇಕೆಂದು ಒಂದೇ ಸಾಲಿನಲ್ಲಿ ಬರೆಯಿರಿ

"ಯಾವುದಾದರೂ ಪರವಾಗಿಲ್ಲ" ಅನ್ನುವವರಿಗೆ ಸಹಾಯ ಮಾಡುವುದು ಬಹಳ ಕಷ್ಟ. ಕೇಳಿದವರಿಗೆ ಯಾವ ಬಾಗಿಲು ತೋರಿಸಬೇಕೆಂದೇ ಗೊತ್ತಾಗುವುದಿಲ್ಲ. "ಬಿ.ಕಾಂ. ಆಗಿದೆ, ಟ್ಯಾಲಿ ಬರುತ್ತದೆ, ಹುಬ್ಬಳ್ಳಿ ಅಥವಾ ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ ಬೇಕು" ಎನ್ನುವ ಒಂದು ಸಾಲು ಇದ್ದರೆ ಓದಿದವರ ತಲೆಯಲ್ಲಿ ಯಾರದಾದರೂ ಹೆಸರು ಹೊಳೆಯುತ್ತದೆ.

ಜೊತೆಗೆ ಇವು ಸಿದ್ಧವಿರಲಿ: ಒಂದು ಪುಟದ ರೆಸ್ಯೂಮೆ, ಪಿಡಿಎಫ್ ರೂಪದಲ್ಲಿ. ಫೈಲಿಗೆ ನಿಮ್ಮ ಹೆಸರನ್ನೇ ಇಡಿ. ಹತ್ತು ಜನರ ರೆಸ್ಯೂಮೆ ಬಂದಿರುವ ಸೀನಿಯರ್ ಫೋನಿನಲ್ಲಿ "ಫೈನಲ್ ನ್ಯೂ 2" ಎಂಬ ಫೈಲು ಯಾರದೆಂದು ಹುಡುಕುವುದು ಅವರ ಕೆಲಸವಲ್ಲ. ಬ್ಯಾಕ್‌ಲಾಗ್, ಅಂದರೆ ಪಾಸಾಗದೆ ಉಳಿದ ವಿಷಯ, ಇದ್ದರೆ ಮುಚ್ಚಿಡಬೇಡಿ. ಓದು ಮುಗಿದು ಖಾಲಿ ಉಳಿದ ವರ್ಷಗಳನ್ನೂ ಅಷ್ಟೇ. ಕೆಲಸಕ್ಕೆ ತೆಗೆದುಕೊಂಡ ಮೇಲೆ ಕಂಪನಿಗಳು ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ. ಹಿಂದಿನ ನೌಕರಿಯ ದಿನಾಂಕಗಳು ನಿಮ್ಮ ಪಿಎಫ್ ಖಾತೆಯಲ್ಲೇ ದಾಖಲಾಗಿರುತ್ತವೆ. ಸುಳ್ಳು ಅನುಭವ ಹಾಕಿ ಸಿಕ್ಕಿಬಿದ್ದರೆ ನಿಮ್ಮ ಕೆಲಸ ಹೋಗುತ್ತದೆ, ರೆಫರ್ ಮಾಡಿದವರ ಮರ್ಯಾದೆಯೂ ಹೋಗುತ್ತದೆ. ಮುಂದೆ ನಿಮ್ಮ ಕಾಲೇಜಿನ ಯಾರನ್ನೂ ಅವರು ಸೂಚಿಸಲಾರರು.

ಹಂತ 2: ಯಾರನ್ನು ಕೇಳಬೇಕೆಂದು ಹುಡುಕಿ

ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟ ತೆರೆಯಿರಿ. ಅಲ್ಲಿ "ಅಲುಮ್ನಿ" ಎಂಬ ವಿಭಾಗವಿರುತ್ತದೆ. ಓದಿ ಹೋದವರು ಯಾವ ಊರಿನಲ್ಲಿದ್ದಾರೆ, ಯಾವ ಕಂಪನಿಯಲ್ಲಿದ್ದಾರೆ, ಏನು ಕೆಲಸ ಮಾಡುತ್ತಾರೆ ಎಂದು ಸೋಸಿ ನೋಡಬಹುದು. ಇದು ಉಚಿತ. ಆದರೂ ಇದನ್ನು ತೆರೆದೇ ನೋಡದವರು ತುಂಬ ಮಂದಿ. ಕಾಲೇಜಿನ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. ಹಳೆ ಹೆಸರು, ಸಂಕ್ಷಿಪ್ತ ಹೆಸರು, ಊರಿನ ಹಳೆ ಸ್ಪೆಲ್ಲಿಂಗ್, ಎಲ್ಲದರಲ್ಲೂ ಹುಡುಕಿ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಹಿಂದೆ ಓದಿದವರು ಇಂದಿಗೂ ಕೆಆರ್‌ಇಸಿ ಎಂದೇ ಬರೆದುಕೊಂಡಿರುವುದನ್ನು ಕಾಣಬಹುದು.

ಇಲ್ಲಿ ಆಗುವ ದೊಡ್ಡ ತಪ್ಪು ಅಂದರೆ ನೇರವಾಗಿ ನಿರ್ದೇಶಕರಿಗೆ, ಉಪಾಧ್ಯಕ್ಷರಿಗೆ ಬರೆಯುವುದು. ಅವರಿಗೆ ದಿನಕ್ಕೆ ಇಂಥ ಸಂದೇಶಗಳು ರಾಶಿ ಬರುತ್ತವೆ. ಹೊಸಬರ ನೇಮಕಾತಿಯ ವಿವರ ಅವರಿಗೆ ಗೊತ್ತೂ ಇರುವುದಿಲ್ಲ. ನಿಮಗಿಂತ ಎರಡರಿಂದ ಆರು ವರ್ಷ ಮುಂದಿರುವವರನ್ನು ಹುಡುಕಿ. ಅವರು ಅದೇ ಪರೀಕ್ಷೆ ಬರೆದು ಒಳಗೆ ಹೋದವರು. ಯಾವ ಸುತ್ತಿನಲ್ಲಿ ಏನು ಕೇಳುತ್ತಾರೆಂದು ಅವರಿಗೆ ಇನ್ನೂ ನೆನಪಿರುತ್ತದೆ.

ಹೆಸರುಗಳು ಸಿಕ್ಕ ಮೇಲೆ ಪುಸ್ತಕದಲ್ಲೋ ಶೀಟಿನಲ್ಲೋ ಬರೆದಿಟ್ಟುಕೊಳ್ಳಿ: ಹೆಸರು, ಬ್ಯಾಚ್, ಕಂಪನಿ, ಯಾವತ್ತು ಬರೆದೆ, ಏನು ಉತ್ತರ ಬಂತು. ಒಬ್ಬರಿಗೇ ಎರಡು ಸಲ "ನಾನು ನಿಮ್ಮ ಜೂನಿಯರ್" ಎಂದು ಪರಿಚಯಿಸಿಕೊಂಡರೆ ಚೆನ್ನಾಗಿರುವುದಿಲ್ಲ, ಅಲ್ವಾ?

ಹಂತ 3: ಸಂದೇಶ ಬರೆಯಿರಿ

ಎಲ್ಲ ಕೆಡುವುದೂ ಇಲ್ಲೇ, ಎಲ್ಲ ಸರಿಹೋಗುವುದೂ ಇಲ್ಲೇ. ಸಾಮಾನ್ಯವಾಗಿ ಜನ ಕಳಿಸುವ ಸಂದೇಶ ಹೀಗಿರುತ್ತದೆ:

"ಹಾಯ್ ಸರ್, ನನ್ನದು ಬಿ.ಇ. ಮುಗಿದಿದೆ. ನಿಮ್ಮ ಕಂಪನಿಯಲ್ಲಿ ಏನಾದರೂ ಓಪನಿಂಗ್ ಇದ್ದರೆ ತಿಳಿಸಿ ಪ್ಲೀಸ್. ತುಂಬಾ ಕಷ್ಟದಲ್ಲಿದ್ದೇನೆ."

ಇದನ್ನು ಓದಿದವರು ಯಾವ ಬ್ರಾಂಚ್, ಯಾವ ವರ್ಷ, ಏನು ಬರುತ್ತದೆ, ಎಲ್ಲಿಗೆ ಹೋಗಲು ಸಿದ್ಧ ಎಂದು ತಾವೇ ಒಂದೊಂದಾಗಿ ಕೇಳಬೇಕು. ಬಸ್ಸಿನಲ್ಲಿ ನಿಂತುಕೊಂಡು ಫೋನ್ ನೋಡುತ್ತಿರುವವರು "ಆಮೇಲೆ ಉತ್ತರಿಸೋಣ" ಅಂದುಕೊಳ್ಳುತ್ತಾರೆ. ಆ ಆಮೇಲೆ ಬರುವುದೇ ಇಲ್ಲ. ಸೊಕ್ಕಿನಿಂದ ಉತ್ತರಿಸುವುದಿಲ್ಲ ಅಂತ ನಾವು ತಿಳಿಯುತ್ತೇವೆ. ಬಹಳ ಸಲ ವಿಷಯ ಇಷ್ಟೇ ಆಗಿರುತ್ತದೆ.

ಇದನ್ನೇ ಹೀಗೆ ಬರೆಯಬಹುದು:

"ನಮಸ್ಕಾರ ಸರ್. ನಾನು ನಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ 2024ರಲ್ಲಿ ಬಿ.ಇ. ಮುಗಿಸಿದೆ. ಚಿಕ್ಕ ಕಂಪನಿಯೊಂದರಲ್ಲಿ ಎಂಟು ತಿಂಗಳು ಇಂಟರ್ನ್‌ಶಿಪ್ ಮಾಡಿದ್ದೇನೆ. ಈಗ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಹುಡುಕುತ್ತಿದ್ದೇನೆ. ನೀವೂ ಎಲೆಕ್ಟ್ರಾನಿಕ್ಸ್ ಓದಿ ಟೆಸ್ಟಿಂಗ್ ಕಡೆ ಹೋದವರು ಎಂದು ನಿಮ್ಮ ಪ್ರೊಫೈಲಿನಿಂದ ತಿಳಿಯಿತು. ಆಟೊಮೇಷನ್ ಈಗಲೇ ಕಲಿಯಬೇಕೋ, ಮ್ಯಾನುವಲ್ ಟೆಸ್ಟಿಂಗ್ ಗಟ್ಟಿ ಮಾಡಿಕೊಂಡು ಅರ್ಜಿ ಹಾಕಿದರೆ ನಡೆಯುತ್ತದೆಯೋ ಎಂಬ ಗೊಂದಲವಿದೆ. ಈ ವಾರ ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಲು ಆಗಬಹುದೇ? ಆಗದಿದ್ದರೆ ಇಲ್ಲೇ ಎರಡು ಸಾಲು ಬರೆದರೂ ಸಾಕು."

ಗಮನಿಸಿ, ಇದರಲ್ಲಿ ಕೆಲಸ ಕೇಳಿಯೇ ಇಲ್ಲ. ಒಂದು ಪ್ರಶ್ನೆ ಕೇಳಿದೆ, ಅದೂ ಆ ಮನುಷ್ಯನಿಗೆ ಉತ್ತರ ಗೊತ್ತಿರುವ ಪ್ರಶ್ನೆ. ಮಾತಾಡಿದ ಮೇಲೆ, "ನಮ್ಮಲ್ಲಿ ಜಾಗ ಖಾಲಿ ಆದರೆ ಹೇಳುತ್ತೇನೆ, ರೆಸ್ಯೂಮೆ ಕಳಿಸಿಡು" ಎನ್ನುವ ಮಾತು ಸಾಮಾನ್ಯವಾಗಿ ಅವರ ಕಡೆಯಿಂದಲೇ ಬರುತ್ತದೆ.

ಕೆಲವು ಸಣ್ಣ ವಿಷಯಗಳು. ಕನ್ನಡದಲ್ಲೇ ಬರೆಯಬಹುದು, ತಪ್ಪೇನಿಲ್ಲ. ಆದರೆ ರೆಸ್ಯೂಮೆಯ ಜೊತೆ ಮುಂದಕ್ಕೆ ಕಳಿಸುವಂಥ ಎರಡು ಸಾಲಿನ ಪರಿಚಯ ಇಂಗ್ಲಿಷಿನಲ್ಲೂ ಇರಲಿ. ಅದನ್ನೇ ಅವರು ಎಚ್‌ಆರ್‌ಗೆ ಅಂಟಿಸುತ್ತಾರೆ. ಗಂಡಸೋ ಹೆಂಗಸೋ ನೋಡದೆ ಎಲ್ಲರಿಗೂ ಒಂದೇ ಸಂದೇಶ ಕಳಿಸಿ ಮೇಡಂಗೆ ಸರ್ ಅನ್ನಬೇಡಿ. ಹಾಸ್ಟೆಲಿನಲ್ಲಿ ಜೊತೆಗಿದ್ದವರಾದರೆ ಅಣ್ಣ, ಅಕ್ಕ ಎನ್ನಿ. ಗೊತ್ತಿಲ್ಲದವರಿಗೆ ಸರ್, ಮೇಡಂ ಸಾಕು. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಕಾಲ್ ಮಾಡುವುದು ಬೇಡ. ಉತ್ತರ ಬರದಿದ್ದರೆ ವಾರ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೆ ಬಿಟ್ಟುಬಿಡಿ, ಇನ್ನೊಬ್ಬರನ್ನು ನೋಡಿ.

ಮಾತಾಡಲು ಸಿಕ್ಕಾಗ ಏನು ಕೇಳಬೇಕು? ನನ್ನ ಪ್ರಕಾರ ಅಂತರ್ಜಾಲದಲ್ಲಿ ಸಿಗದ್ದನ್ನು ಕೇಳಬೇಕು. ಮೊದಲ ಆರು ತಿಂಗಳು ನಿಜವಾಗಿ ಏನು ಕೆಲಸ ಕೊಡುತ್ತಾರೆ? ಬಾಂಡ್ ಇದೆಯೇ, ಅಂದರೆ ಇಂತಿಷ್ಟು ಕಾಲ ಬಿಡುವಂತಿಲ್ಲ ಎಂಬ ಕರಾರು? ಸಿಟಿಸಿಯಲ್ಲಿ ಕೈಗೆ ಎಷ್ಟು ಬರುತ್ತದೆ? ಸಿಟಿಸಿ ಅಂದರೆ ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಕಂಪನಿ ಕಟ್ಟುವ ಪಿಎಫ್ ಪಾಲು, ಗ್ರಾಚ್ಯುಟಿ, ಕೆಲವೆಡೆ ವಿಮೆಯ ಕಂತು, ಎಲ್ಲ ಅದರೊಳಗೇ ಸೇರಿರುತ್ತದೆ. ಹಾಗಾಗಿ ಅದನ್ನು ಹನ್ನೆರಡರಿಂದ ಭಾಗಿಸಿ ಅಷ್ಟು ಸಂಬಳ ಬರುತ್ತದೆಂದು ಮನೆಯಲ್ಲಿ ಹೇಳಿಬಿಡಬೇಡಿ. ಹಳೆ ಪ್ರಶ್ನೆಪತ್ರಿಕೆ ಕೊಡಿ, ಒಳಗಿನ ಟೆಸ್ಟಿನ ಪ್ರಶ್ನೆ ಹೇಳಿ ಎಂದು ಕೇಳುವುದು ಮಾತ್ರ ಬೇಡ. ಅದರಿಂದ ಅವರ ಕೆಲಸಕ್ಕೇ ಕುತ್ತು ಬರಬಹುದು.

ಹಂತ 4: ರೆಫರಲ್ ಕೇಳುವ ಕ್ರಮ

ಇಲ್ಲಿ ಒಂದು ತಾಂತ್ರಿಕ ತೊಡಕಿದೆ. ಉತ್ಸಾಹದಲ್ಲಿ ಮೊದಲು ಕಂಪನಿಯ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ, ಆಮೇಲೆ ಸೀನಿಯರ್‌ಗೆ "ರೆಫರ್ ಮಾಡಿ" ಅನ್ನುತ್ತಾರೆ. ಅನೇಕ ಕಂಪನಿಗಳ ವ್ಯವಸ್ಥೆಯಲ್ಲಿ ನಿಮ್ಮ ಇಮೇಲ್ ಆಗಲೇ ದಾಖಲಾಗಿದ್ದರೆ ರೆಫರಲ್ ಸೇರಿಸಲು ಬಿಡುವುದಿಲ್ಲ. ಆದ್ದರಿಂದ ಒಳಗೆ ಯಾರಾದರೂ ಗೊತ್ತಿದ್ದರೆ ಮೊದಲು ಅವರನ್ನು ಕೇಳಿ. ಕೊನೆಯ ದಿನಾಂಕ ಹತ್ತಿರವಿದ್ದು ಉತ್ತರ ಬರದಿದ್ದರೆ ಮಾತ್ರ ನೇರವಾಗಿ ಹಾಕಿ.

ಕೇಳುವಾಗ ಜಾಬ್ ಐಡಿ ಕೊಡಿ. ಪ್ರತಿ ಖಾಲಿ ಹುದ್ದೆಗೂ ಕಂಪನಿ ಕೊಟ್ಟಿರುವ ಸಂಖ್ಯೆ ಅದು. ಕಂಪನಿಯ ಉದ್ಯೋಗ ಪುಟದಲ್ಲಿ ಹುದ್ದೆಯ ಹೆಸರಿನ ಪಕ್ಕದಲ್ಲೋ ಕೆಳಗೋ ಇರುತ್ತದೆ. ಅದರ ಜೊತೆ ರೆಸ್ಯೂಮೆ, ಫೋನ್ ಸಂಖ್ಯೆ, ಇಮೇಲ್, ಮತ್ತು ಆ ಹುದ್ದೆಗೆ ನೀವು ಹೇಗೆ ಹೊಂದುತ್ತೀರಿ ಎಂಬ ಎರಡು ಸಾಲು. ಒಂದೇ ಕಂಪನಿಯ ನಾಲ್ವರಿಗೆ ಒಟ್ಟಿಗೆ ಕೇಳಬೇಡಿ. ಮೊದಲು ಹಾಕಿದವರದು ಮಾತ್ರ ನಿಲ್ಲುತ್ತದೆ. ಉಳಿದವರಿಗೆ ಸುಮ್ನೆ ಮುಜುಗರ.

ಕೆಲಸ ಸಿಕ್ಕರೆ ಕೆಲವು ಕಂಪನಿಗಳು ರೆಫರ್ ಮಾಡಿದ ಉದ್ಯೋಗಿಗೆ ಬೋನಸ್ ಕೊಡುತ್ತವೆ. ಅಂದರೆ ದುಡ್ಡು ಕಂಪನಿಯಿಂದ ಅವರಿಗೆ ಹೋಗುತ್ತದೆ. ನಿಮ್ಮಿಂದ ಯಾರಿಗೂ ಹೋಗಬೇಕಿಲ್ಲ. ರೆಫರಲ್‌ಗೆ ಹಣ ಕೇಳಿದವರು ಸೀನಿಯರೇ ಆಗಿರಲಿ, ಅಲ್ಲಿಗೇ ನಿಲ್ಲಿಸಿ.

ಏನಾಯಿತೆಂದು ತಿಳಿಸುವುದನ್ನು ಮರೆಯಬೇಡಿ. ಆಯ್ಕೆ ಆದರೂ ಸರಿ, ಆಗದಿದ್ದರೂ ಸರಿ, ಒಂದು ಸಾಲು ಬರೆಯಿರಿ. ಸಹಾಯ ಮಾಡಿದವರ ದೊಡ್ಡ ಬೇಸರವೇ ಇದು: "ರೆಫರ್ ಮಾಡಿದೆ, ಆಮೇಲೆ ಹುಡುಗ ಪತ್ತೆಯೇ ಇಲ್ಲ."

ಹಂತ 5: ಮೋಸ ಗುರುತಿಸಿ

ಹಳೆ ವಿದ್ಯಾರ್ಥಿ ಗ್ರೂಪಿನಲ್ಲಿ ಬಂದದ್ದೆಲ್ಲ ನಿಜವಲ್ಲ. "ನಮ್ಮವರೇ ಕಳಿಸಿದ್ದು" ಅನ್ನುವ ನಂಬಿಕೆಯಿಂದಲೇ ಇಲ್ಲಿ ಮೋಸದ ಸಂದೇಶ ಬೇಗ ಹರಡುತ್ತದೆ. ಕಳಿಸಿದವರೂ ಬೇರೆಲ್ಲಿಂದಲೋ ಫಾರ್ವರ್ಡ್ ಮಾಡಿರುತ್ತಾರೆ. ಆಫರ್ ಲೆಟರ್‌ಗೆ, ಲ್ಯಾಪ್‌ಟಾಪ್‌ಗೆ, ತರಬೇತಿಗೆ ಮುಂಗಡ ಕಟ್ಟಿ ಅಂದರೆ ಅದು ಕೆಲಸವಲ್ಲ. ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಆ ಹುದ್ದೆ ಇದೆಯೇ ನೋಡಿ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ಆರ್ಥಿಕ ವಂಚನೆಗಳ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ವಿದೇಶದ ಕೆಲಸವಾದರೆ ಇನ್ನೂ ಎಚ್ಚರ ಬೇಕು. ಡೇಟಾ ಎಂಟ್ರಿ, ಕಸ್ಟಮರ್ ಸಪೋರ್ಟ್ ಎಂದು ನಂಬಿಸಿ ಕಾಂಬೋಡಿಯ, ಮ್ಯಾನ್ಮಾರ್, ಲಾವೋಸ್‌ಗೆ ಕರೆದೊಯ್ದು ಆನ್‌ಲೈನ್ ವಂಚನೆ ಮಾಡಿಸಿದ ಪ್ರಕರಣಗಳ ಬಗ್ಗೆ ಕೇಂದ್ರದ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ಕೊಟ್ಟಿದೆ. ಏಜೆಂಟ್ ನೋಂದಾಯಿತನೇ ಎಂದು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಡುತ್ತೇವೆ ಅಂದರೆ ಹೊರಡಬೇಡಿ. ಇಂಥ ಹೊತ್ತಿನಲ್ಲಿ ದುಬೈ, ಕತಾರ್‌ನಲ್ಲಿರುವ ಹಳೆ ವಿದ್ಯಾರ್ಥಿಯೊಬ್ಬರು ಸಿಕ್ಕರೆ ಬಹಳ ಉಪಯೋಗ. "ಈ ಕಂಪನಿ ಇದೆಯಾ, ಆಫೀಸು ಎಲ್ಲಿದೆ, ಸಂಬಳ ಸರಿಯಾಗಿ ಕೊಡ್ತಾರಾ" ಎಂದು ಅವರು ಅಲ್ಲೇ ವಿಚಾರಿಸಿ ಹೇಳಬಲ್ಲರು.

ಸರ್ಕಾರಿ ನೌಕರಿಗೆ ರೆಫರಲ್ ಎಂಬುದೇ ಇಲ್ಲ. ಕೆಪಿಎಸ್‌ಸಿ, ಕೆಇಎ ಪರೀಕ್ಷೆಗಳಲ್ಲಿ "ನಮ್ಮ ಸೀನಿಯರ್ ಒಳಗಿದ್ದಾರೆ, ಮಾಡಿಸಿಕೊಡುತ್ತಾರೆ" ಅನ್ನುವವರನ್ನು ದೂರವಿಡಿ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರೂ ಅಷ್ಟು ದಿನ ಕಾದರು. ಸರ್ಕಾರಿ ಸೇವೆಯಲ್ಲಿರುವ ಹಳೆ ವಿದ್ಯಾರ್ಥಿಗಳಿಂದ ಕೇಳಬೇಕಾದ್ದು ಬೇರೆ: ಓದುವ ಕ್ರಮ, ಪ್ರಬಂಧ ಪತ್ರಿಕೆಯ ಅಭ್ಯಾಸ, ಸಂದರ್ಶನದ ಅನುಭವ.

ಸಂಘ ನಡೆಸುವವರಿಗೆ

ಹಂತ 6: ಪಟ್ಟಿ ಮಾಡಿ

ಗ್ರೂಪ್ ಮಾಡುವ ಮೊದಲು ಪಟ್ಟಿ ಮಾಡಿ. ಬಹುತೇಕ ಸಂಘಗಳಲ್ಲಿ ಇದು ತಲೆಕೆಳಗಾಗಿರುತ್ತದೆ. ಸಾವಿರ ಜನರ ವಾಟ್ಸಾಪ್ ಗ್ರೂಪ್ ಇರುತ್ತದೆ, ಆದರೆ "ನಮ್ಮವರು ಯಾರು ಬ್ಯಾಂಕಿನಲ್ಲಿದ್ದಾರೆ?" ಎಂದರೆ ಯಾರಿಗೂ ಗೊತ್ತಿರುವುದಿಲ್ಲ.

ಗೂಗಲ್ ಫಾರ್ಮ್ ಒಂದು ಸಾಕು. ಹೆಸರು, ಬ್ಯಾಚ್, ವಿಭಾಗ, ಈಗಿರುವ ಊರು, ಕೆಲಸದ ಕ್ಷೇತ್ರ, ಸಂಪರ್ಕ. ಕೊನೆಯಲ್ಲಿ ಒಂದು ಮುಖ್ಯ ಪ್ರಶ್ನೆ: "ನೀವು ಏನು ಮಾಡಬಲ್ಲಿರಿ?" ಅದರ ಕೆಳಗೆ ಟಿಕ್ ಹಾಕುವ ಆಯ್ಕೆಗಳು: ರೆಫರ್ ಮಾಡಬಲ್ಲೆ, ರೆಸ್ಯೂಮೆ ತಿದ್ದಿಕೊಡಬಲ್ಲೆ, ಅಣಕು ಸಂದರ್ಶನ ಮಾಡಬಲ್ಲೆ, ಒಂದು ಗಂಟೆ ಮಾತಾಡಬಲ್ಲೆ, ಸದ್ಯಕ್ಕೆ ಏನೂ ಆಗದು. ಕೊನೆಯ ಆಯ್ಕೆ ಇರಲೇಬೇಕು. ಅದಿಲ್ಲದಿದ್ದರೆ ಕೆಲವರು ಫಾರ್ಮನ್ನೇ ತುಂಬುವುದಿಲ್ಲ.

ಬಂದವರು ನಮ್ಮವರೇ ಎಂದು ಖಚಿತಪಡಿಸಿಕೊಳ್ಳಲು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಿಗೆ ಸುಲಭ ಉಪಾಯವಿದೆ: ವಿದ್ಯಾರ್ಥಿಗೆ ವಿಶ್ವವಿದ್ಯಾಲಯ ಕೊಡುವ ಸಂಖ್ಯೆ, ಅಂದರೆ ಯುಎಸ್‌ಎನ್. ಆ ಒಂದು ಸಂಖ್ಯೆಯಲ್ಲೇ ಕಾಲೇಜಿನ ಸಂಕೇತ, ಸೇರಿದ ವರ್ಷ, ಬ್ರಾಂಚ್ ಎಲ್ಲ ಇರುತ್ತದೆ. 2019ರಲ್ಲಿ ಕಂಪ್ಯೂಟರ್ ಸೈನ್ಸ್ ಸೇರಿದೆ ಎಂದವರ ಯುಎಸ್‌ಎನ್‌ನಲ್ಲಿ 19 ಮತ್ತು ಸಿಎಸ್ ಕಾಣದಿದ್ದರೆ ಒಮ್ಮೆ ವಿಚಾರಿಸಿ. ಪದವಿ ಕಾಲೇಜಿನವರು ರಿಜಿಸ್ಟರ್ ನಂಬರ್ ಕೇಳಬಹುದು, ಇಲ್ಲವೇ ಅದೇ ಬ್ಯಾಚಿನ ಇಬ್ಬರ ಹೆಸರು ಕೇಳಬಹುದು.

ಈ ಪಟ್ಟಿಯನ್ನು ಗ್ರೂಪಿಗೆ ಹಾಕಬೇಡಿ. ಫೋನ್ ಸಂಖ್ಯೆಗಳ ಶೀಟು ಒಮ್ಮೆ ಹೊರಬಿದ್ದರೆ ವಿಮೆಯವರು, ಸೈಟು ಮಾರುವವರು, ಕೋಚಿಂಗ್‌ನವರು, ಎಲ್ಲರ ಕೈಗೂ ಹೋಗುತ್ತದೆ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಬಂದ ಕಾಯ್ದೆಯೂ ಇದೆ. ಮಾಹಿತಿ ಯಾವುದಕ್ಕೆ ಬಳಸುತ್ತೀರಿ ಎಂದು ಫಾರ್ಮಿನ ಮೇಲೇ ಬರೆದು ಒಪ್ಪಿಗೆ ಪಡೆಯಿರಿ. ಯಾರಾದರೂ ತೆಗೆಯಿರಿ ಎಂದರೆ ತೆಗೆಯಿರಿ.

ಹಂತ 7: ಕೆಲಸದ ಸುದ್ದಿಗೆ ಬೇರೆ ಜಾಗ

ಹುಟ್ಟುಹಬ್ಬದ ಶುಭಾಶಯ, ಗುಡ್ ಮಾರ್ನಿಂಗ್ ಹೂವು, ರಾಜಕೀಯದ ಜಗಳ, ಇವುಗಳ ನಡುವೆ ಕೆಲಸದ ಸುದ್ದಿ ಹಾಕಿದರೆ ಯಾರೂ ನೋಡುವುದಿಲ್ಲ. ಉದ್ಯೋಗಕ್ಕೆಂದೇ ಅಡ್ಮಿನ್‌ಗಳು ಮಾತ್ರ ಬರೆಯಬಲ್ಲ ಬೇರೆ ಗ್ರೂಪ್ ಮಾಡಿ. ಪ್ರತಿ ಸುದ್ದಿಯಲ್ಲೂ ಇವಿಷ್ಟು ಇರಲಿ: ಹುದ್ದೆ, ಊರು, ಯಾವ ವಿದ್ಯಾರ್ಹತೆ, ಎಷ್ಟು ಅನುಭವ, ಕೊನೆಯ ದಿನಾಂಕ, ಮೂಲ ಲಿಂಕ್, ತಂದವರ ಹೆಸರು ಮತ್ತು ಬ್ಯಾಚ್. ತಂದವರ ಹೆಸರಿಲ್ಲದ್ದನ್ನು ಹಾಕಬೇಡಿ. ಈ ಒಂದು ನಿಯಮದಿಂದಲೇ ಸುಳ್ಳು ಜಾಹೀರಾತು ಬಹಳಷ್ಟು ನಿಲ್ಲುತ್ತದೆ. ಅವಧಿ ಮುಗಿದದ್ದನ್ನು ಅಳಿಸಿ.

ಗುಂಪು ಬೆಂಗಳೂರಿನ ಐಟಿಯವರಿಂದಲೇ ತುಂಬಿಹೋಗದಂತೆ ನೋಡಿಕೊಳ್ಳಿ. ಪಕ್ಕದ ತಾಲ್ಲೂಕಿನ ಆಡಿಟರ್ ಕಚೇರಿ, ಸಹಕಾರ ಬ್ಯಾಂಕ್, ಖಾಸಗಿ ಶಾಲೆ, ಗಾರ್ಮೆಂಟ್ಸ್, ಅಕ್ಕಿ ಗಿರಣಿ ನಡೆಸುವ ಹಳೆ ವಿದ್ಯಾರ್ಥಿಗಳೂ ಇದ್ದೇ ಇರುತ್ತಾರೆ. ಅವರು ಯಾವ ಪೋರ್ಟಲ್‌ನಲ್ಲೂ ಜಾಹೀರಾತು ಕೊಡುವುದಿಲ್ಲ. ಬಾಯಿಮಾತಿನಲ್ಲೇ ಜನ ಹುಡುಕುತ್ತಾರೆ. ಊರು ಬಿಡಲಾಗದ ಹುಡುಗಿಯರಿಗೆ, ಮನೆಯ ಜವಾಬ್ದಾರಿ ಇರುವವರಿಗೆ ಇಂಥ ಕೆಲಸವೇ ಬೇಕಾಗಿರುತ್ತದೆ. ಅವರಿಗೆ ಫೋನ್ ಮಾಡಿ ತಿಂಗಳಿಗೊಮ್ಮೆ "ಯಾರಾದರೂ ಬೇಕಿತ್ತಾ?" ಎಂದು ವಿಚಾರಿಸಲು ಒಬ್ಬರನ್ನು ಗೊತ್ತುಮಾಡಿ.

ಹಂತ 8: ತಜ್ಞರ ಮಾತು ಏರ್ಪಡಿಸಿ

ನಮ್ಮ ಕಾಲೇಜುಗಳಲ್ಲಿ ಉಪನ್ಯಾಸ ಅಂದರೆ ಏನಾಗುತ್ತದೆ ನಿಮಗೂ ಗೊತ್ತು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಅತಿಥಿಯ ಪರಿಚಯ (ಅವರ ಬಯೋಡೇಟಾ ಪೂರ್ತಿ ಓದುತ್ತಾರೆ), ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಅಧ್ಯಕ್ಷೀಯ ನುಡಿ. ಅತಿಥಿಗೆ ಮೈಕು ಸಿಗುವ ಹೊತ್ತಿಗೆ ಊಟದ ಬೆಲ್ಲು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದವರು ಅರ್ಧ ಗಂಟೆ ಮಾತಾಡಿ ಹೋಗುತ್ತಾರೆ.

ಇದನ್ನು ತಿರುಗಿಸಿ. ಎರಡು ನಿಮಿಷದ ಪರಿಚಯ, ತಕ್ಷಣ ಮಾತು. ಸನ್ಮಾನ ಕೊನೆಯಲ್ಲಿ ಐದು ನಿಮಿಷ. ಪ್ರಾಂಶುಪಾಲರಿಗೆ ಬೇಜಾರಾಗಬಾರದು ಎಂದಿದ್ದರೆ ಮೊದಲೇ ಭೇಟಿಯಾಗಿ ಹೇಳಿ. ಬಹುತೇಕರು ಒಪ್ಪುತ್ತಾರೆ. ಒಂದು ಕಾರಣವೂ ನಿಮ್ಮ ಕೈಯಲ್ಲಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಇಷ್ಟು ವರ್ಷ ಬಳಸಿಕೊಂಡು ಬಂದ ಏಳು ಮಾನದಂಡಗಳಲ್ಲಿ ಐದನೆಯದರ ಅಡಿಯಲ್ಲಿ ಹಳೆ ವಿದ್ಯಾರ್ಥಿಗಳು ಕಾಲೇಜಿಗೆ ಏನು ಮಾಡಿದ್ದಾರೆಂದು ತೋರಿಸಬೇಕು. ಹಾಜರಿ ಪಟ್ಟಿ, ಸ್ಥಳದ ಗುರುತಿರುವ ಫೋಟೊ, ಒಂದು ಪುಟದ ವರದಿ ಕಾಲೇಜಿಗೆ ಕೊಡಿ. ಸಭಾಂಗಣ, ಪ್ರೊಜೆಕ್ಟರ್ ಕೇಳುವುದು ಮುಂದಿನ ಸಲ ಇನ್ನೂ ಸುಲಭ.

ವಿಷಯ ಚಿಕ್ಕದಾಗಿರಲಿ. "ಯಶಸ್ಸಿನ ಮೆಟ್ಟಿಲುಗಳು" ಎಂಬ ಮಾತು ಕೇಳಿ ಯಾರಿಗೂ ಕೆಲಸ ಸಿಕ್ಕಿಲ್ಲ. ಇಂಥವು ಉಪಯೋಗಕ್ಕೆ ಬರುತ್ತವೆ: ಬಿ.ಎಸ್ಸಿ. ಕೆಮಿಸ್ಟ್ರಿ ಮುಗಿಸಿದವರು ಔಷಧ ಕಂಪನಿಯ ಗುಣಮಟ್ಟ ಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ಏನು ಮಾಡುತ್ತಾರೆ, ಬಿ.ಕಾಂ. ಹುಡುಗರಿಗೆ ಜಿಎಸ್‌ಟಿ ರಿಟರ್ನ್ ಕೆಲಸದ ಮೊದಲ ವರ್ಷ, ಬಿ.ಎ. ಆದವರು ಕಂಟೆಂಟ್, ಅನುವಾದ, ಎನ್‌ಜಿಒ ಕಡೆ ಹೋಗುವುದು ಹೇಗೆ. ಸಂಬಳದ ಚೀಟಿ ಓದುವುದು. ಕೊನೆಯದಕ್ಕೆ ಸಭಾಂಗಣ ತುಂಬುತ್ತದೆ, ನೋಡಿ. ಮೂಲ ವೇತನದ ಶೇ 12 ನಿಮ್ಮಿಂದ ಪಿಎಫ್‌ಗೆ ಹೋಗುತ್ತದೆ, ಅದು ಎಲ್ಲಿಗೆ ಹೋಗುತ್ತದೆ, ಕೆಲಸ ಬಿಟ್ಟಾಗ ಏನು ಮಾಡಬೇಕು ಎಂದು ಇವರಿಗೆ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರುವುದಿಲ್ಲ.

ಮಾತಾಡುವವರು ದೊಡ್ಡ ಹೆಸರಿನವರೇ ಆಗಬೇಕಿಲ್ಲ. ಐದು ವರ್ಷದ ಹಿಂದೆ ಅದೇ ಬೆಂಚಿನಲ್ಲಿ ಕೂತಿದ್ದವರ ಮಾತು ಹುಡುಗರಿಗೆ ಬೇಗ ನಾಟುತ್ತದೆ.

ಪ್ರಶ್ನೆ ಕೇಳಿ ಅಂದರೆ ಸಭೆ ಮೌನವಾಗುವುದು ನಮ್ಮಲ್ಲಿ ಮಾಮೂಲು. ಅವರಿಗೆ ಪ್ರಶ್ನೆ ಇಲ್ಲ ಅಂತಲ್ಲ. ಇಂಗ್ಲಿಷಿನಲ್ಲಿ ಕೇಳಬೇಕಲ್ಲ ಎನ್ನುವ ಅಳುಕು, ಪಕ್ಕದವರು ನಕ್ಕರೆ ಎನ್ನುವ ಅಳುಕು. ಎರಡು ದಿನ ಮೊದಲೇ ಹೆಸರಿಲ್ಲದೆ ಚೀಟಿಯಲ್ಲಿ, ಕನ್ನಡದಲ್ಲಿ, ಪ್ರಶ್ನೆ ಬರೆಸಿಕೊಳ್ಳಿ. ಅದನ್ನು ಅತಿಥಿಗೆ ಮೊದಲೇ ಕಳಿಸಿ. "ಬ್ಯಾಕ್‌ಲಾಗ್ ಇದ್ದರೆ ಹೇಳಬೇಕಾ?", "ಪಿಜಿಯಲ್ಲಿ ಇರೋಕೆ ಬೆಂಗಳೂರಿನಲ್ಲಿ ತಿಂಗಳಿಗೆ ಎಷ್ಟಾಗುತ್ತೆ?", "ಮನೆಯವರು ಕಳಿಸಲ್ಲ ಅಂತಾರೆ, ನೀವು ಹೇಗೆ ಒಪ್ಪಿಸಿದ್ರಿ?" ಇಂಥ ಪ್ರಶ್ನೆಗಳು ಬರುವುದು ಚೀಟಿಯಲ್ಲೇ.

ವಿದೇಶದಲ್ಲಿರುವವರ ಮಾತು ಆನ್‌ಲೈನ್‌ನಲ್ಲಿ ಇಟ್ಟುಕೊಳ್ಳುವುದಾದರೆ ಸಮಯ ನೋಡಿ. ನಮ್ಮಲ್ಲಿ ಭಾನುವಾರ ಬೆಳಿಗ್ಗೆ 9 ಗಂಟೆ ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ರಾತ್ರಿ 8.30, ಚಳಿಗಾಲದಲ್ಲಿ 7.30. ಅವರ ಗಡಿಯಾರ ಮಾರ್ಚ್ ಮತ್ತು ನವೆಂಬರ್‌ನಲ್ಲಿ ಬದಲಾಗುತ್ತದೆ. ಸೌದಿಯವರಿಗೆ ರಜೆ ಶುಕ್ರವಾರ, ಶನಿವಾರ. ಜೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಗೂಗಲ್ ಮೀಟ್‌ನಲ್ಲಿ ಗುಂಪಿಗೆ 60 ನಿಮಿಷ. ಹುಡುಗರೆಲ್ಲ ತಮ್ಮ ತಮ್ಮ ಫೋನಿನಲ್ಲಿ ನೋಡುವುದಕ್ಕಿಂತ ಕಾಲೇಜಿನ ಹಾಲಿನಲ್ಲಿ ಒಟ್ಟಿಗೆ ಕೂತು ಪರದೆಯಲ್ಲಿ ನೋಡಿದರೆ ಮಾತು ಮುಗಿದ ಮೇಲೂ ಚರ್ಚೆ ನಡೆಯುತ್ತದೆ. ರೆಕಾರ್ಡ್ ಮಾಡುವುದಾದರೆ ಮೊದಲೇ ಕೇಳಿ. ಕಂಪನಿಯ ಬಗ್ಗೆ ಬಿಚ್ಚುಮನಸ್ಸಿನಿಂದ ಹೇಳುವವರು ರೆಕಾರ್ಡಿಂಗ್ ಇದೆಯೆಂದರೆ ಬಾಯಿ ಬಿಡುವುದಿಲ್ಲ.

ಹಂತ 9: ಕೆಲಸ ಕಳೆದುಕೊಂಡವರಿಗೆ ಖಾಸಗಿ ದಾರಿ

ಹೊಸಬರು ಗ್ರೂಪಿನಲ್ಲಿ ಕೇಳುತ್ತಾರೆ. ನಲವತ್ತು ದಾಟಿ ಲೇಆಫ್ ಆದವರು ಕೇಳುವುದಿಲ್ಲ. ಅದೇ ಗ್ರೂಪಿನಲ್ಲಿ ಅವರ ಭಾವಮೈದುನ ಇರಬಹುದು, ಹಳೆ ಗೆಳೆಯರು ಇರಬಹುದು. ಹೆರಿಗೆ, ಮಕ್ಕಳು ಎಂದು ಕೆಲವು ವರ್ಷ ಬಿಡುವು ತೆಗೆದುಕೊಂಡು ಮರಳುವ ಹೆಣ್ಣುಮಕ್ಕಳದೂ ಇದೇ ಕಥೆ. ಇಬ್ಬರು ನಂಬಿಕಸ್ಥರಿಗೆ ಮಾತ್ರ ಕಾಣುವ ಒಂದು ಫಾರ್ಮ್ ಇಡಿ. ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ. ಹೆಸರು ಹೇಳದೆಯೇ "ಹದಿನೆಂಟು ವರ್ಷ ಅನುಭವದ ಮೆಕ್ಯಾನಿಕಲ್ ಎಂಜಿನಿಯರ್, ಬೆಳಗಾವಿ ಅಥವಾ ಪುಣೆ" ಎಂದು ಆಯ್ದ ಕೆಲವರಿಗೆ ಮಾತ್ರ ತಿಳಿಸಬಹುದು. ವಿಷಯ ಹೊರಗೆ ಹೋಯಿತೋ, ಆ ಫಾರ್ಮನ್ನು ಮತ್ತೆ ಯಾರೂ ಮುಟ್ಟುವುದಿಲ್ಲ.

ಹಂತ 10: ನೋಂದಣಿ ಮತ್ತು ಹಣ

ಬರೀ ಸುದ್ದಿ ಹಂಚಲು, ಮಾತು ಏರ್ಪಡಿಸಲು ನೋಂದಣಿ ಬೇಕಿಲ್ಲ. ಹಣ ಸಂಗ್ರಹಿಸುವುದಾದರೆ ಬೇಕು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ ಕನಿಷ್ಠ ಏಳು ಮಂದಿ ಸೇರಿ ಸಂಘ ನೋಂದಾಯಿಸಬಹುದು. ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗಳ ಕಚೇರಿಗೆ ಉದ್ದೇಶಗಳ ಪತ್ರ, ಬೈಲಾ (ಸಂಘದ ನಿಯಮಾವಳಿ) ಕೊಡಬೇಕು. ಆಮೇಲೆ ಸಂಘದ ಹೆಸರಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ. ನೋಂದಣಿ ಮಾಡಿಸಿ ಮರೆತುಬಿಡುವವರೇ ಜಾಸ್ತಿ. ವರ್ಷಕ್ಕೊಂದು ಸರ್ವಸದಸ್ಯರ ಸಭೆ ನಡೆಸಬೇಕು. ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ವರ್ಷಗಟ್ಟಲೆ ಬಿಟ್ಟರೆ ದಂಡ ಬೆಳೆಯುತ್ತದೆ. ಅಧ್ಯಕ್ಷರ ಸ್ವಂತ ಯುಪಿಐಗೆ ಎಂದಿಗೂ ಹಣ ಹಾಕಿಸಬೇಡಿ, ಅವರು ಎಷ್ಟೇ ಒಳ್ಳೆಯವರಾಗಿರಲಿ.

ಹೊರದೇಶದ ಹಣದಲ್ಲಿ ಎಡವುವವರು ಬಹಳ. ಭಾರತೀಯ ಪಾಸ್‌ಪೋರ್ಟ್ ಇರುವ ಎನ್‌ಆರ್‌ಐ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಇಟ್ಟುಕೊಂಡಿರುವ ಸಹಪಾಠಿ ಕೊಟ್ಟರೆ ಅದು ವಿದೇಶಿ ದೇಣಿಗೆ. ಅದನ್ನು ತೆಗೆದುಕೊಳ್ಳಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ಅನುಮತಿ ಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಇಬ್ಬರೂ ಒಂದೇ ಬೆಂಚಿನವರು, ಇಬ್ಬರೂ ಒಂದೇ ಊರಿನವರು, ಆದರೆ ಕಾನೂನು ನೋಡುವುದು ಪಾಸ್‌ಪೋರ್ಟನ್ನು. ಹಣ ಬಂದ ಮೇಲಲ್ಲ, ಬರುವ ಮೊದಲೇ ಆಡಿಟರ್‌ರನ್ನು ಕೇಳಿ.

ಹಂತ 11: ಕೈ ಬದಲಾಯಿಸುವ ವ್ಯವಸ್ಥೆ

ಒಬ್ಬರೇ ಓಡಾಡಿ ನಡೆಸುವ ಸಂಘ ಅವರಿಗೆ ಮದುವೆಯಾದಾಗಲೋ, ವರ್ಗವಾದಾಗಲೋ ನಿಂತುಹೋಗುತ್ತದೆ. ಫಾರ್ಮ್, ಶೀಟು, ಮೀಟಿಂಗ್ ಖಾತೆ, ಎಲ್ಲವೂ ಸಂಘದ ಹೆಸರಿನ ಒಂದು ಇಮೇಲ್‌ನಲ್ಲಿರಲಿ. ಅದರ ಪಾಸ್‌ವರ್ಡ್ ಕನಿಷ್ಠ ಮೂವರಿಗೆ ಗೊತ್ತಿರಲಿ. ಖಾತೆ ಮರಳಿ ಪಡೆಯಲು ಕೊಟ್ಟಿರುವ ಫೋನ್ ಸಂಖ್ಯೆ ಕಾಲೇಜಿನಲ್ಲೇ ಇರುವ ಒಬ್ಬ ಅಧ್ಯಾಪಕರದ್ದಾದರೆ ಒಳ್ಳೆಯದು. ವಾಟ್ಸಾಪ್ ಗ್ರೂಪಿಗೆ ಬೇರೆ ಬೇರೆ ಬ್ಯಾಚಿನ ನಾಲ್ಕೈದು ಅಡ್ಮಿನ್‌ಗಳಿರಲಿ.

ಪ್ರತಿ ವರ್ಷ ಕೊನೆಯ ಸೆಮಿಸ್ಟರ್‌ನ ಹುಡುಗರು ಕಾಲೇಜು ಬಿಡುವ ಮೊದಲೇ ಫಾರ್ಮ್ ತುಂಬಿಸಿಕೊಳ್ಳಿ. ನೋ ಡ್ಯೂ ಸರ್ಟಿಫಿಕೇಟಿಗೆ ಗ್ರಂಥಾಲಯ, ಹಾಸ್ಟೆಲ್ ಎಂದು ಸಹಿ ಹಾಕಿಸುತ್ತಾ ಓಡಾಡುವ ಆ ವಾರ ಅವರು ಸುಲಭವಾಗಿ ಸಿಗುತ್ತಾರೆ. ಕಾಲೇಜಿನ ಇಮೇಲ್ ಅಲ್ಲ, ಸ್ವಂತ ಇಮೇಲ್ ಬರೆಸಿ. ಕಾಲೇಜಿನದು ಕೆಲವೇ ತಿಂಗಳಲ್ಲಿ ಮುಚ್ಚಿಹೋಗಬಹುದು. ಮನೆಯ ಫೋನ್ ಸಂಖ್ಯೆಯೂ ಒಂದಿರಲಿ. ಹುಡುಗರು ಸಿಮ್ ಬದಲಾಯಿಸುತ್ತಾರೆ, ಅಪ್ಪನ ನಂಬರ್ ಹಾಗೇ ಇರುತ್ತದೆ. ಕೆಲಸಕ್ಕೆ ಸೇರಿ ಒಂದು ವರ್ಷವಾದ ಮೇಲೆ ಅವರಿಗೇ ಕರೆ ಮಾಡಿ, ಮುಂದಿನ ಚೀಟಿ ಪ್ರಶ್ನೆಗಳಿಗೆ ಉತ್ತರ ಹೇಳಲು ಬರುತ್ತೀರಾ ಎಂದು ಕೇಳಿ.